ಸಿದ್ದಲಿಂಗವ್ವ ಒಲ್ಲೆ ಎಂದದ್ದು

ಬೈಲಹೊಂಗಲದ ನಿಜಗುಣಪ್ಪ ಹೆಂಡತಿಯೊಡನೆ ಮಾತು ಬಿಟ್ಟದ್ದು ತೊಂಬತ್ತಮೂರನೆಯ ಇಸವಿಯ ಸುಗ್ಗಿಯಲ್ಲಿ. ಪೇಟೆಯಲ್ಲಿ ಅವನದು ದಲಾಲಿ ಅಂಗಡಿ. ರಾಮದುರ್ಗದ ಕಡೆಯ ರೈತನೊಬ್ಬ ತನ್ನ ಹತ್ತಿಯ ತೂಕದಲ್ಲಿ ಮೋಸವಾಗಿದೆ ಎಂದು ಬೆಳಗಿನಿಂದ ಅವನನ್ನು ಹುಡುಕುತ್ತಿದ್ದ. ನಿಜಗುಣಪ್ಪ ಹಿಂದಿನ ಓಣಿಯಿಂದ ಮನೆಗೆ ಬಂದು ಒಳಕೋಣೆ ಸೇರಿಕೊಂಡಿದ್ದ. ಹಿತ್ತಲಲ್ಲಿ ಅರಿವೆ ಒಗೆಯುತ್ತಿದ್ದ ಸಿದ್ದಲಿಂಗವ್ವನಿಗೆ ಅವನು ಬಂದದ್ದು ಕಂಡಿತ್ತೇ ಹೊರತು ಅಡಗಿದ್ದಾನೆ ಎಂದು ತಿಳಿದಿರಲಿಲ್ಲ. ಬಾಗಿಲಲ್ಲಿ ಯಾರೋ "ಸಾವ್ಕಾರ ಅದಾರೇನ್ರಿ?" ಎಂದು ಕೂಗಿದರು. ಕೈ ಒರೆಸಿಕೊಳ್ಳುತ್ತ ಬಂದ ಅವಳು, "ಒಳಗ ಅದಾರ್ರಿ, ಬರ್ರಿ, ಕುಂತ್ರಿ" ಎಂದಳು.

ರೈತ ಕೂರಲಿಲ್ಲ. ಒಳಗೆ ನುಗ್ಗಿ ನಿಜಗುಣಪ್ಪನ ಅಂಗಿ ಹಿಡಿದು ಓಣಿಗೆ ಎಳೆದು ತಂದು, ಹತ್ತು ಮನೆಯ ಹೆಂಗಸರು ನೋಡುವಂತೆ ಬಾಯಿಗೆ ಬಂದದ್ದು ಬೈದ. ಎಲ್ಲ ಮುಗಿದ ಮೇಲೆ ನಿಜಗುಣಪ್ಪ ಕೈಕಾಲು ತೊಳೆದ, ವಿಭೂತಿ ಹಚ್ಚಿಕೊಂಡ, ಊಟಕ್ಕೆ ಕುಳಿತ. ಏಳು ವರ್ಷದ ಮಗಳು ಸಪ್ನಾಳನ್ನು ಹತ್ತಿರ ಕರೆದು, "ನಿಮ್ಮವ್ವಗ ಹೇಳು, ಇನ್ನೊಂದು ರೊಟ್ಟಿ ಹಾಕು ಅಂತ" ಎಂದ. ಹೆಂಡತಿ ಎರಡು ಮಾರು ದೂರದಲ್ಲಿ ಒಲೆಯ ಮುಂದೆ ಕುಳಿತಿದ್ದಳು. ಸಪ್ನಾ ಆಟವೆಂದುಕೊಂಡು ನಗುತ್ತ ಓಡಿ ಬಂದು ಹೇಳಿದಳು.

ಆ ಆಟ ನಿಲ್ಲಲಿಲ್ಲ.

ನಿಜಗುಣಪ್ಪ ಕೈ ಎತ್ತಿದವನಲ್ಲ, ಕುಡಿದವನಲ್ಲ. ಓಣಿಯಲ್ಲಿ ಯಾರನ್ನು ಕೇಳಿದರೂ ಸಿದ್ದಲಿಂಗವ್ವನದು ಪುಣ್ಯದ ಸಂಸಾರ ಎನ್ನುತ್ತಿದ್ದರು. ಮೊದಲ ವರ್ಷ ಅವಳು ಕಾಲಿಗೆ ಬಿದ್ದಳು, ಅತ್ತಳು, ಉಪವಾಸ ಮಾಡಿದಳು. ಸವದತ್ತಿಯ ಪಕ್ಕದ ಉಗರಗೋಳದಲ್ಲಿ, ಎಲ್ಲಮ್ಮನ ಗುಡ್ಡಕ್ಕೆ ಹೋಗುವವರಿಗೆ ಕಾಯಿ, ಕುಂಕುಮ, ಭಂಡಾರದ ಅರಿಸಿನ ಮಾರುತ್ತಿದ್ದ ಅವಳ ಅಪ್ಪ ಅಳಿಯನ ಮುಂದೆ ಕೈಮುಗಿದು ನಿಂತ. ನಿಜಗುಣಪ್ಪ ಮಾವನಿಗೆ ಹೋಳಿಗೆ ಮಾಡಿಸಿ ಉಣ್ಣಿಸಿ, "ಏನೂ ಇಲ್ರಿ ಮಾವಾರ, ನಿಮ್ಮ ಮಗಳು ಆರಾಮ ಅದಾಳ" ಎಂದು ಬಸ್ಸು ಹತ್ತಿಸಿ ಬಂದ. ಹೋಳಿಗೆ ಮಾಡಲು ಹೇಳಿದ್ದೂ ಸಪ್ನಾಳ ಬಾಯಿಂದಲೇ.

ಕೆಲವು ವರ್ಷಗಳ ಮೇಲೆ ಆ ಅಪ್ಪ ತೀರಿಕೊಂಡ. ಸುದ್ದಿ ಮೊದಲು ಅಂಗಡಿಯ ಫೋನಿಗೆ ಬಂತು. ಸಾಲಿಯಿಂದ ಬಂದ ಸಪ್ನಾ ಪಾಟಿಚೀಲ ಇಳಿಸದೆ ಅಡುಗೆಮನೆಯ ಬಾಗಿಲಲ್ಲಿ ನಿಂತು, "ಅವ್ವಾ, ಉಗರಗೋಳ ಮುತ್ಯಾ ಸತ್ತಾನಂತ. ಅಪ್ಪ ನಿನಗ ಹೇಳು ಅಂದ" ಎಂದಳು. ನಿಜಗುಣಪ್ಪ ಪಡಸಾಲೆಯಲ್ಲಿ ಚಪ್ಪಲಿ ಬಿಡುತ್ತಿದ್ದ. ಅವಳು ಅಳುತ್ತ ಹೊರಗೆ ಬಂದಾಗ ಅವನು ಗೋಡೆಯ ಗಡಿಯಾರ ನೋಡಿ ಮಗಳಿಗೆ, "ಸವದತ್ತಿ ಗಾಡಿ ಇನ್ನ ಅರ್ಧ ತಾಸಿಗೆ ಐತಿ ಅಂತ ಹೇಳು" ಎಂದ.

ಸಪ್ನಾ ಬೆಳೆದಳು. ಅಪ್ಪನ ಮಾತೆಲ್ಲ ತನ್ನ ಬಾಯಿಂದಲೇ ಹೊರಡಬೇಕು ಎಂಬುದು ಅವಳಿಗೆ ಹೆಮ್ಮೆಯಾಗಿತ್ತು. ಅಪ್ಪ ಪ್ರೀತಿಯಿಂದ ಮಾತಾಡುತ್ತಿದ್ದದ್ದು ಅವಳೊಬ್ಬಳ ಜೊತೆಗೆ. ಅವ್ವ ಏನೋ ದೊಡ್ಡ ತಪ್ಪು ಮಾಡಿರಬೇಕು ಎಂದು ತಾನೇ ತಿಳಿದುಕೊಂಡಿದ್ದಳು, ಏನೆಂದು ಕೇಳಲು ಹೋಗಿರಲಿಲ್ಲ.

ಎರಡು ಸಾವಿರದ ಆರರಲ್ಲಿ ನಿಜಗುಣಪ್ಪನ ಹೊಟ್ಟೆ ಊದಿಕೊಂಡಿತು. ಕಣ್ಣು ಅರಿಸಿನದಂತಾಯಿತು. ಮೊದಲು ಕಾಮಣಿ ಎಂದು ಬೇರು ಅರೆದು ಕುಡಿಸಿದರು. ಒಂದು ದಿನ ಪೇಟೆಯಲ್ಲಿ ಮಾಲು ಹರಾಜಿಗಿಟ್ಟಾಗ ದರ ಕೂಗುತ್ತ ಕೂಗುತ್ತಲೇ ರಕ್ತ ಕಾರಿಕೊಂಡ. ಬೆಳಗಾವಿಗೆ ಒಯ್ದರು, ಅಲ್ಲಿಂದ ಬೆಂಗಳೂರಿನ ದೊಡ್ಡ ದವಾಖಾನೆಗೆ. ಹಿಂದೆಂದೋ ರಕ್ತಕ್ಕೆ ಸೇರಿದ ಸೋಂಕು ಒಳಗೇ ಕುಳಿತು ಲಿವರನ್ನು ಕಲ್ಲು ಮಾಡಿದೆ, ಔಷಧದ ಕಾಲ ಮುಗಿಯಿತು, ಮನೆಯವರಲ್ಲಿ ಯಾರಾದರೂ ತಮ್ಮ ಲಿವರಿನ ಭಾಗ ಕೊಟ್ಟರೆ ಬದುಕುತ್ತಾನೆ ಎಂದು ಅಲ್ಲಿನ ಡಾಕ್ಟರು ಹೇಳಿದರು. ಕೊಟ್ಟವರಲ್ಲಿ ಉಳಿದದ್ದು ಕೆಲವು ತಿಂಗಳಲ್ಲಿ ಮತ್ತೆ ಬೆಳೆಯುತ್ತದೆ ಎಂದೂ ಹೇಳಿದರು.

ಮೊದಲು ಬಂದವನು ನಿಜಗುಣಪ್ಪನ ತಮ್ಮ ಸಂಗಪ್ಪ. ರಕ್ತದ ಗುಂಪು ಕೂಡಿತ್ತು. ಆದರೆ ಅವನ ಲಿವರಿಗೇ ಕೊಬ್ಬು ಏರಿತ್ತು, ಸಕ್ಕರೆ ರೋಗ ಬೇರೆ. ಬೇಡ ಎಂದು ಡಾಕ್ಟರು ಅಂದ ಮಧ್ಯಾಹ್ನವೇ ಸಂಗಪ್ಪ ದವಾಖಾನೆಯ ಎದುರಿನ ಹೋಟೆಲಿನಲ್ಲಿ ಕುಳಿತು ಎರಡು ತಟ್ಟೆ ಜಿಲೇಬಿ ತಿಂದು, ಸಂಜೆ ರೈಲಿಗೆ ಊರು ಹಿಡಿದ. ನಿಜಗುಣಪ್ಪನ ವಿಧವೆ ಅಕ್ಕ ಸುಂದರವ್ವನಿಗೆ ವಯಸ್ಸು ಮೀರಿತ್ತು. ಅವಳು ಆರೈಕೆಗೆಂದು ಅಲ್ಲೇ ಉಳಿದಿದ್ದಳು.

"ಗಂಡಗ ಹೇಣ್ತಿ ಕೊಡಲಾರದ ಮತ್ಯಾರು ಕೊಡಬೇಕ?" ಎಂದಳು ಸುಂದರವ್ವ. "ಸಿದ್ದಲಿಂಗಿ ರಕ್ತ ಯಾರಿಗರ ಆಕ್ಕೈತಂತ. ಇಷ್ಟ ವರ್ಷ ಕುಂತ ಉಂಡದ್ದಕ್ಕ ದೇವರ ಒಂದ ಹಾದಿ ತೋರಿಸ್ಯಾನ."

ಸಿದ್ದಲಿಂಗವ್ವನ ಪರೀಕ್ಷೆ ಶುರುವಾಯಿತು. ಅವಳ ತೂಕ ನೋಡಿದರು, ಎತ್ತರ ಅಳೆದರು, ಸೀಸೆ ಸೀಸೆ ರಕ್ತ ತೆಗೆದರು. ಎದೆಗೆ ತಂತಿ ಹಚ್ಚಿದರು. ದೊಡ್ಡ ಯಂತ್ರದ ಬಾಯಿಯೊಳಗೆ ಮಲಗಿಸಿ ಉಸಿರು ಹಿಡಿ, ಬಿಡು ಎಂದರು. ಕತ್ತರಿಸಿದರೆ ಅವಳಿಗೆ ಎಷ್ಟು ಉಳಿಯುತ್ತದೆ, ಅವನಿಗೆ ಎಷ್ಟು ಹೋಗುತ್ತದೆ, ಪಿತ್ತದ ನಾಳ ಎಲ್ಲಿ ಕವಲಾಗಿದೆ ಎಂದೆಲ್ಲ ನೋಡಿದರು. ನಲವತ್ತನಾಲ್ಕು ವರ್ಷದ ಅವಳ ದೇಹದಲ್ಲಿ ಒಂದು ಊನವೂ ಸಿಗಲಿಲ್ಲ. ಅವಳ ಒಳಗು ಇಷ್ಟು ಚೊಕ್ಕವಾಗಿದೆ ಎಂದು ಹೊಗಳಿದವರು ಹುಟ್ಟಿದಾಗಿನಿಂದ ಆ ಡಾಕ್ಟರುಗಳೇ ಮೊದಲು.

ಕೊನೆಗೆ ಅವಳನ್ನು ಒಂದು ಸಣ್ಣ ಕೋಣೆಗೆ ಕರೆದರು. ಅಲ್ಲಿ ಒಬ್ಬ ಡಾಕ್ಟರಮ್ಮ ಕುಳಿತಿದ್ದಳು. ಗಂಡನನ್ನು ನೋಡುವ ಡಾಕ್ಟರುಗಳ ಗುಂಪಿಗೆ ಸೇರಿದವಳಲ್ಲ. ಕೊಡುವವರ ಹಿತ ನೋಡುವುದಷ್ಟೇ ಆಕೆಯ ಕೆಲಸ. ಮೈಸೂರಿನ ಕಡೆಯ ಕನ್ನಡ.

"ಇಲ್ಲಿ ನಾನು, ನೀವು ಇಬ್ಬರೇ. ನೀವು ಹೇಳಿದ್ದು ಈ ಗೋಡೆ ದಾಟೋದಿಲ್ಲ. ಇದರಲ್ಲಿ ಜೀವಕ್ಕೆ ಅಪಾಯ ಇಲ್ಲ ಅಂತ ನಾನು ಸುಳ್ಳು ಹೇಳಲ್ಲ. ಅಪರೂಪ, ಆದರೆ ಕೊಟ್ಟವರು ಸತ್ತದ್ದೂ ಇದೆ. ನಿಮಗೆ ಕೊಡೋಕೆ ಮನಸ್ಸಿದೆಯಾ?"

ಸಿದ್ದಲಿಂಗವ್ವ ಸೆರಗಿನ ಅಂಚು ಸರಿಪಡಿಸಿಕೊಂಡಳು. "ಅವರು ನನ್ನ ಕೇಳಿಲ್ರಿ" ಎಂದಳು.

"ಯಾರು?"

"ನಮ್ಮ ಮನಿಯವರು. ಕೊಡು ಅಂತ ಅವರು ನನಗ ಅಂದಿಲ್ಲ. ಅಕ್ಕಾರು ಅಂದ್ರು, ಮಗಳು ಅಂದಳು. ಅವರ ಬಾಯಿಲೆ ಒಂದ ಸಲ ಕೇಳಿದ್ರ ಕೊಡತೇನ್ರಿ."

ಹದಿನಾಲ್ಕು ವರ್ಷದ ಕತೆ ಅಲ್ಲಿ ಹೊರಬಿತ್ತು. ಅವಳು ಅಳಲಿಲ್ಲ. ಪಕ್ಕದ ಮನೆಯವರ ಕತೆಯಂತೆ ಹೇಳಿದಳು. ಡಾಕ್ಟರಮ್ಮ, "ನಿಮಗೆ ಬೇಡವೆನಿಸಿದರೆ ಬೇಡ ಅನ್ನಿ. ದೇಹ ಹೊಂದಿಕೆಯಾಗಲಿಲ್ಲ ಅಂತಷ್ಟೇ ನಾವು ಮನೆಯವರಿಗೆ ಹೇಳ್ತೀವಿ. ಯಾರೂ ನಿಮ್ಮನ್ನ ದೂರೋ ಹಾಗಿರಲ್ಲ. ನಾಳೆ ಬಂದು ಹೇಳಿ" ಎಂದಳು.

ಆ ಸಂಜೆ ಸಿದ್ದಲಿಂಗವ್ವ ಗಂಡನ ಮಂಚದ ಹತ್ತಿರ ಹೋಗಿ ನಿಂತಳು. ಹೊಟ್ಟೆ ಗುಡಾಣದಂತೆ, ಕೈಕಾಲು ಕಡ್ಡಿಯಂತೆ ಆಗಿದ್ದ ನಿಜಗುಣಪ್ಪ ಎಚ್ಚರವಾಗಿದ್ದ. ಸಪ್ನಾ ಅವನ ಪಾದ ತಿಕ್ಕುತ್ತ ಕುಳಿತಿದ್ದಳು.

"ಏನರ ಹೇಳೂದೈತೇನ್ರಿ ನನಗ?" ಎಂದಳು ಸಿದ್ದಲಿಂಗವ್ವ.

ಅವನು ಕಣ್ಣು ತಿರುಗಿಸಿ ಅವಳನ್ನು ನೋಡಿದ. ಅವಳು ಕಾದಳು. ತುಟಿ ಅಲುಗಿತು ಎನಿಸಿ ತುಸು ಬಾಗಿದಳು ಕೂಡ. ಅವನು ಮಗಳ ಕಡೆ ಹೊರಳಿ, "ಸಪ್ನಾ, ಬೆಳಕಿಗೆ ಅಡ್ಡ ನಿಂದರಬ್ಯಾಡ ಅಂತ ಹೇಳು" ಎಂದ.

"ಅವ್ವಾ, ಬೆಳಕಿಗೆ..." ಎಂದು ಸಪ್ನಾ ಮಾತು ತೆಗೆದಳು. ಸಿದ್ದಲಿಂಗವ್ವ ಸರಿದು ನಿಂತಳು.

ಮರುದಿನ ಬೆಳಿಗ್ಗೆ ಆ ಸಣ್ಣ ಕೋಣೆಯಲ್ಲಿ ಅವಳು ಹೇಳಿದ್ದು ಒಂದೇ ಮಾತು. "ಒಲ್ಲೆರಿ."

ಡಾಕ್ಟರಮ್ಮ ಕೊಟ್ಟ ಮಾತು ಉಳಿಸಿಕೊಂಡಳು. ಹೆಂಡತಿಯ ಲಿವರು ಹೊಂದಲಿಲ್ಲ ಎಂದು ಮನೆಯವರಿಗೆ ತಿಳಿಸಿದರು. ಸುಂದರವ್ವ ಹಣೆ ಚಚ್ಚಿಕೊಂಡು, "ಇದಕ್ಕೂ ಉಪಯೋಗಕ್ಕ ಬರಲಿಲ್ಲೇನ ನೀ?" ಎಂದು ಎಲ್ಲರೆದುರು ಅಂದಳು. ಸಿದ್ದಲಿಂಗವ್ವನಿಗೆ ಆ ಮಾತು ನೋಯಲಿಲ್ಲ. ನಿಜ ಹೇಳಬೇಕೆಂದರೆ ಒಳಗೊಳಗೆ ರುಚಿಸಿತು. ಇನ್ನು ಅವನು ಹೋಗುತ್ತಾನೆ, ತಾನು ಉಳಿಯುತ್ತೇನೆ ಎಂದು ಅವಳು ಎಣಿಸಿದಳು. ಉಗರಗೋಳಕ್ಕೆ ಹೋಗಿ ಅಪ್ಪನ ಅಂಗಡಿಯನ್ನು ಈಗ ನಡೆಸುತ್ತಿದ್ದ ತಮ್ಮ ಸಿದ್ಧಾರೂಢನ ಪಕ್ಕ ಕುಳಿತು ಬಂದವರೊಂದಿಗೆಲ್ಲ ದಿನವಿಡೀ ಮಾತಾಡುವುದನ್ನು ನೆನೆದಳು. ಬಹಳ ವರ್ಷಗಳ ಮೇಲೆ ಹೊಟ್ಟೆತುಂಬ ಉಂಡಳು.

ಆ ಸುಖ ಇದ್ದದ್ದು ಸಪ್ನಾ "ಹಂಗಾರ ನಂದ ನೋಡ್ರಿ" ಅನ್ನುವ ತನಕ.

ಸಿದ್ದಲಿಂಗವ್ವ ಇದನ್ನು ಕನಸಿನಲ್ಲೂ ಎಣಿಸಿರಲಿಲ್ಲ. ಮಗಳಿಗೆ ಇಪ್ಪತ್ತೊಂದು, ಮದುವೆಯಾಗಿಲ್ಲ. ಅವಳನ್ನು ಯಾರು ಕೇಳುತ್ತಾರೆ ಎಂದುಕೊಂಡಿದ್ದಳು. ಯಾರೂ ಕೇಳಲಿಲ್ಲ, ಅವಳೇ ಮುಂದೆ ಬಂದಳು. ನಿಜಗುಣಪ್ಪ ಮಗಳ ತಲೆ ನೇವರಿಸಿ, "ನೀ ನನ್ನ ಗಂಡಮಗ" ಎಂದ. ಬೇಡ ಎನ್ನಲಿಲ್ಲ.

ತಾಯಿಗೆ ಮಾಡಿದ ಪರೀಕ್ಷೆಗಳನ್ನೇ ಮಗಳಿಗೂ ಮಾಡತೊಡಗಿದರು. ಸಿದ್ದಲಿಂಗವ್ವ ಪ್ರತಿ ಬಾಗಿಲ ಹೊರಗೆ ಕುಳಿತು ಬೇಡಿಕೊಂಡಳು. ತಾಯಿ ಎಲ್ಲಮ್ಮ, ಇವಳ ರಕ್ತ ಕೂಡದಿರಲಿ. ರಕ್ತ ಕೂಡಿತು. ಇವಳ ಎದೆಯಲ್ಲಿ ಏನಾದರೂ ಸಣ್ಣ ದೋಷವಿರಲಿ. ಎದೆ ಗಟ್ಟಿಯಾಗಿತ್ತು. ಹೆತ್ತ ಮಗಳ ಒಳಗೆ ರೋಗ ಇರಲಿ ಎಂದು ಹರಕೆ ಹೊರುವ ತಾಯಿ ತಾನೊಬ್ಬಳೇ ಇರಬೇಕು ಎಂದು ಅವಳಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು. ಆದರೂ ಹರಕೆ ಬಿಡಲಿಲ್ಲ. ಯಂತ್ರದ ಚಿತ್ರಗಳು ಬಂದವು. ಮಗಳಿಗೆ ಉಳಿಯುವ ಪಾಲು ತುಸು ಕಡಿಮೆಯೇ, ಆದರೂ ನಡೆದೀತು ಎಂದರು. ಶಸ್ತ್ರಚಿಕಿತ್ಸೆಯ ವಾರ ಗೊತ್ತಾಯಿತು.

ಸಿದ್ದಲಿಂಗವ್ವ ಡಾಕ್ಟರಮ್ಮನ ಕೋಣೆಗೆ ಓಡಿದಳು. "ನಂದ ತಗೋರ್ರಿ. ಆಕಿದೂ ಹೊಂದಲಿಲ್ಲ ಅಂತ ಹೇಳಿಬಿಡ್ರಿ, ನನಗ ಹೇಳಿದಂಗ."

"ನಿಮಗೆ ಹೇಳಿದ್ದು ನೀವು ಬೇಡ ಅಂದಿದ್ದಕ್ಕೆ. ನಿಮ್ಮ ಮಗಳು ನನ್ನೆದುರು ಕೂತು ಮನಸಾರೆ ಕೊಡ್ತೀನಿ ಅಂದಿದ್ದಾಳೆ. ಅವಳ ಪರವಾಗಿ ನಾನು ಬೇಡ ಅನ್ನೋಕಾಗಲ್ಲ. ನೀವು ಮತ್ತೆ ಒಪ್ಪೋದಾದರೆ ಎಲ್ಲ ಹೊಸದಾಗಿ ನೋಡಬೇಕು. ಮನೆಯವರಿಗೂ ಏನಾದರೂ ಹೇಳಬೇಕಾಗುತ್ತೆ."

ಆಕೆ ಮೆತ್ತಗೆ ಹೇಳಿದರೂ ಗುಟ್ಟಾಗಿ ಮುಗಿಸುವ ಹಾದಿ ಮುಚ್ಚಿತ್ತು. ಸಿದ್ದಲಿಂಗವ್ವ ಮಗಳನ್ನು ದವಾಖಾನೆಯ ಹಿಂದಿನ ಕಲ್ಲುಬೆಂಚಿಗೆ ಕರೆದೊಯ್ದಳು. ನಾಳೆ ಗಂಡಿನವರು ಬಂದರೆ ಹೊಟ್ಟೆಯ ಮೇಲಿನ ಗಾಯಕ್ಕೆ ಏನು ಹೇಳುತ್ತೀ ಎಂದಳು. ಮುಂದೆ ಬಸುರಿಯಾದರೆ ಹೇಗೆ ಎಂದಳು. ಸಪ್ನಾ ಎಲ್ಲಕ್ಕೂ ನಕ್ಕಳು.

"ನಿಂದ ಹೊಂದಿದ್ರ ನೀ ಕೊಡತಿದ್ದಿಲ್ಲೇನ ಅವ್ವಾ? ಹಂಗ ತಿಳಕೋ."

ಸಿದ್ದಲಿಂಗವ್ವ ಮಗಳ ಕೈ ಹಿಡಿದುಕೊಂಡಳು. "ಹೊಂದೈತಿ" ಎಂದಳು.

"ಏನ?"

"ನಂದ ಹೊಂದೈತಿ. ನಾನ ಒಲ್ಲೆ ಅಂದೆ. ಅದಕ್ಕ ಅವರು ಹಂಗ ಹೇಳ್ಯಾರ. ಈಗ ಕೊಡತೇನಿ. ನೀ ಬ್ಯಾಡ ಅನ್ನು."

ಸಪ್ನಾ ಎದ್ದು ನಿಂತಳು. ತಾಯಿಯನ್ನು ಒಮ್ಮೆ ಮೇಲಿಂದ ಕೆಳಗೆ ನೋಡಿದಳು. ನೆಟ್ಟಗೆ ಒಳಗೆ ನಡೆದಳು. ಸಣ್ಣಂದಿನಿಂದ ಆ ಮನೆಯ ಮಾತನ್ನೆಲ್ಲ ಹೊತ್ತು ತಿರುಗಿದ ಹುಡುಗಿ ಇದನ್ನೂ ಹೊತ್ತುಕೊಂಡು ಹೋಗಿ ಅಪ್ಪನ ಮುಂದೆ ಇಳಿಸಿದಳು.

ಸಿದ್ದಲಿಂಗವ್ವ ಬಾಗಿಲಿಗೆ ಬರುವಷ್ಟರಲ್ಲಿ ಸುಂದರವ್ವ ಶಾಪ ಹಾಕುತ್ತಿದ್ದಳು. ನಿಜಗುಣಪ್ಪ ದಿಂಬಿಗೊರಗಿ ಎದ್ದು ಕುಳಿತಿದ್ದ. ಅವನು ಕೈ ಎತ್ತಿ ಅಕ್ಕನನ್ನು ಸುಮ್ಮನಾಗಿಸಿದ. ಹೆಂಡತಿಯ ಮುಖ ನೋಡಿದ. ಹದಿನಾಲ್ಕು ವರ್ಷದ ಮೇಲೆ ಅವಳಿಗೆಂದು ಅವನ ಬಾಯಿ ತೆರೆಯಿತು.

"ನನ್ನ ಸಾಯಸಾಕ ನೋಡಿದೇನು?"

ಆ ದನಿಗಾಗಿ ಅವಳು ಎಷ್ಟು ವರ್ಷ ಕಾದಿದ್ದಳೋ. "ಹೂಂ" ಎಂದಳು. "ಈಗ ನಂದ ತಗೋರ್ರಿ. ಆಕಿನ್ನ ಬಿಡ್ರಿ."

ಸಪ್ನಾ ಅಪ್ಪನ ಕೈ ಹಿಡಿದಳು. "ಬ್ಯಾಡ ಅಪ್ಪಾ. ಈಕಿದು ನಿನಗ ಬ್ಯಾಡ. ನಾ ಕೊಡತೇನಿ."

ನಿಜಗುಣಪ್ಪ ಇಬ್ಬರನ್ನೂ ನೋಡಿದ. ಆಮೇಲೆ ಆಯಾಸದಿಂದ ಕಣ್ಣು ಮುಚ್ಚಿಕೊಂಡು, "ಯಾರದರ ಆಗಲಿ, ಲಗೂನ ಆಗಲಿ" ಎಂದ.

ಡಾಕ್ಟರುಗಳು ಮತ್ತೆ ಕುಳಿತು ಲೆಕ್ಕ ಹಾಕಿದರು. ಮಗಳದಕ್ಕಿಂತ ತಾಯಿಯದು ದೊಡ್ಡದು, ಕೊಟ್ಟರೆ ತಾಯಿಗೆ ಉಳಿಯುವ ಪಾಲು ಹೆಚ್ಚು, ಅಪಾಯ ಕಡಿಮೆ. ತಾಯಿ ಮನಸಾರೆ ಒಪ್ಪಿದರೆ ಅವಳೇ ಸರಿ ಎಂದರು. ಸಿದ್ದಲಿಂಗವ್ವ ಮತ್ತೆ ಆ ಸಣ್ಣ ಕೋಣೆಯಲ್ಲಿ ಕುಳಿತಳು. ಮನಸ್ಸಿನ ಡಾಕ್ಟರೊಬ್ಬರೂ ಇದ್ದರು. ಯಾರಾದರೂ ಹೆದರಿಸಿದ್ದಾರೆಯೇ ಎಂದು ಕೇಳಿದರು. ಇಲ್ಲ ಎಂದಳು.

"ಗಂಡನ ಮೇಲೆ ಸಿಟ್ಟು ಹೋಗಿದೆಯಾ?" ಎಂದಳು ಡಾಕ್ಟರಮ್ಮ.

"ಇಲ್ರಿ. ಮಗಳ ಸಲುವಾಗಿ ಕೊಡಾಕ ಹತ್ತೇನಿ. ಅದೂ ಮನಸ್ಸ ಅಲ್ಲೇನ್ರಿ?"

ಇಬ್ಬರೂ ಅದನ್ನು ಬರೆದುಕೊಂಡರು. ಕೆಲವು ದಿನ ತಡೆದು ಮತ್ತೊಮ್ಮೆ ಕೇಳಿದರು. ಅವಳು ಅದೇ ಉತ್ತರ ಕೊಟ್ಟಳು. ಒಪ್ಪಿಗೆಯಾಯಿತು.

ಎರಡು ಸಾವಿರದ ಏಳರ ಬೇಸಿಗೆಯಲ್ಲಿ ಅವಳ ಲಿವರಿನ ಬಲಭಾಗವನ್ನು ತೆಗೆದು ಅವನಿಗೆ ಕೂಡಿಸಿದರು. ಅವನ ಒಳಗೆ ಅದು ಮೊದಲ ದಿನದಿಂದಲೇ ಕೆಲಸ ಹಿಡಿಯಿತು. ಕಣ್ಣಿನ ಅರಿಸಿನ ಇಳಿಯಿತು, ಹೊಟ್ಟೆ ಇಳಿಯಿತು, ಅವನು ಎದ್ದು ಓಡಾಡಿದ. ಅವಳ ಒಳಗೆ ಕತ್ತರಿಸಿದ ಜಾಗದಿಂದ ಪಿತ್ತ ಸೋರಿ ಜ್ವರ ಬಂತು. ಪಕ್ಕೆಯಲ್ಲಿ ನಳಿಕೆ ಇಟ್ಟು ವಾರಗಟ್ಟಲೆ ಮಲಗಿಸಿದರು. ಅವನನ್ನು ಊರಿಗೆ ಕಳಿಸುವ ಹೊತ್ತಿಗೆ ಅವಳಿನ್ನೂ ಮಂಚದ ಮೇಲೆಯೇ ಇದ್ದಳು. ಸಪ್ನಾ ಅಪ್ಪನ ಜೊತೆ ಹೋದಳು. ಸಿದ್ದಲಿಂಗವ್ವನ ಹತ್ತಿರ ಉಗರಗೋಳದಿಂದ ಬಂದ ಸಿದ್ಧಾರೂಢ ಉಳಿದ.

ಅವಳು ಬೈಲಹೊಂಗಲಕ್ಕೆ ಮರಳಿದಾಗ ಮನೆಯ ತುಂಬ ಜನ. ಸತ್ತು ಬದುಕಿದ ನಿಜಗುಣಪ್ಪನನ್ನು ನೋಡಲು ಪೇಟೆಯವರು, ಮಠದವರು, ಹಳ್ಳಿಗಳ ರೈತರು ಬರುತ್ತಿದ್ದರು. ಈಗ ಅವನು ಹೆಂಡತಿಯೊಡನೆ ಮಾತಾಡುತ್ತಿದ್ದ. "ಇಲ್ಲೆ ಬಾ" ಎಂದು ಕರೆಯುತ್ತಿದ್ದ. ಕೈಯಲ್ಲಿ ಚಹಾದ ತಟ್ಟೆ ಹಿಡಿದು ಅವಳು ಬಂದರೆ, ಬಂದವರಿಗೆ ತೋರಿಸಿ, "ಈಕಿನ ನೋಡ್ರಿ, ನನ್ನ ಜೀವಾ ಉಳಿಸಿದಾಕಿ. ಮೊದಲ ಒಲ್ಲೆ ಅಂದಿದ್ದಳು. ಡಾಕ್ಟರ ಬಾಯಿಲೆ ಸುಳ್ಳ ಹೇಳಿಸಿದ್ದಳು. ಕಡೀಕ ಮಗಳಿಗೆ ಬಂದಾಗ ಹೌಹಾರಿ ಕೊಟ್ಟಳು" ಎನ್ನುತ್ತಿದ್ದ. ದನಿ ಏರಿಸದೆ, ನಗುನಗುತ್ತ ಹೇಳುತ್ತಿದ್ದ. ಬಂದವರು ಅವಳನ್ನು ನೋಡುತ್ತಿದ್ದರು. ದಿನಕ್ಕೆ ಎಷ್ಟು ಮಂದಿ ಬಂದರೆ ಅಷ್ಟು ಸಲ. ಜನ ಬರುವುದು ಕಡಿಮೆಯಾದ ಮೇಲೆ ಊಟದ ಹೊತ್ತಿಗೆ ಅವಳೊಬ್ಬಳಿಗೇ ಹೇಳತೊಡಗಿದ. "ಒಲ್ಲೆ ಅಂದಾಕಿ, ಇನ್ನೊಂದ ರೊಟ್ಟಿ ತಾ." ಅವನು ಬಾಯಿ ಮುಚ್ಚಿಕೊಂಡಿದ್ದ ಹದಿನಾಲ್ಕು ವರ್ಷವೇ ಸುಖದ್ದು ಎನಿಸಿಬಿಟ್ಟಿತು ಅವಳಿಗೆ.

ಅದೇ ವರ್ಷದ ದೀಪಾವಳಿಯ ಮುಂದೆ ಸಿದ್ದಲಿಂಗವ್ವ ಎರಡು ಸೀರೆ ಗಂಟು ಕಟ್ಟಿಕೊಂಡು ಸವದತ್ತಿ ಬಸ್ಸು ಹತ್ತಿದಳು.

ಉಗರಗೋಳದಲ್ಲಿ ಸಿದ್ಧಾರೂಢ ಏನೂ ಕೇಳದೆ ಅಂಗಡಿಯ ಒಂದು ಮೂಲೆ ಬಿಟ್ಟುಕೊಟ್ಟ. ಭಂಡಾರದ ಪುಡಿಕೆ ಕಟ್ಟುವುದು, ಹಸಿರು ಬಳೆಯ ದಂಡೆ ಮಾಡುವುದು ಅವಳ ಕೆಲಸ. ಗಾಯದ ಜಾಗದಲ್ಲಿ ಹೊಟ್ಟೆ ಉಬ್ಬಿ ಬಂದಿತ್ತು, ಕಾಯಿಯ ಚೀಲ ಎತ್ತಲಾಗುತ್ತಿರಲಿಲ್ಲ. ಕಾಯಿಯ ಕೆಲಸವನ್ನೆಲ್ಲ ತಮ್ಮನ ಹೆಂಡತಿ ಮಾಯವ್ವ ಮಾಡುತ್ತಿದ್ದಳು.

ಮರುವರ್ಷ ಒಂದು ಮಧ್ಯಾಹ್ನ ಸಪ್ನಾ ಬಂದಳು. ತಾಯಿ ಎದ್ದು ನೀರು ಕೊಟ್ಟಳು. ಸಪ್ನಾ ಚೊಂಬು ಮುಟ್ಟಲಿಲ್ಲ.

"ಅಪ್ಪಗ ಹೊರಗಿನ ಊಟ ನಡಿಯೂದಿಲ್ಲ. ಔಷಧಕ್ಕ ಮೈಯಾಗಿನ ಶಕ್ತಿ ಕಡಿಮಿ ಆಗೈತಿ, ಸ್ವಲ್ಪ ಹೊಲಸ ಆದ್ರೂ ಜ್ವರ ಬರತಾವ. ಅತ್ತಿ ಕೈಯಾಗ ಆಗವಲ್ದು. ನೀ ಬಾ."

"ಅವರು ಕಳಿಸ್ಯಾರೇನು?"

"ನಾನ ಬಂದೇನಿ."

"ಒಲ್ಲೆ ಸಪ್ನಾ. ನಿನ್ನ ಸಲುವಾಗಿ ಕೊಡೂದ ಕೊಟ್ಟೇನಿ. ಅಲ್ಲಿಗೆ ತೀರಿತು."

ಸಪ್ನಾಳ ಮುಖ ಕೆಂಪಾಯಿತು. "ನನ್ನ ಸಲುವಾಗಿ? ನಾ ಕೊಡು ಅಂದಿದ್ನೇನ? ನಾ ಕೊಡಾಕ ತಯಾರ ಇದ್ದೆ. ಅಪ್ಪನ್ನ ನಾ ಉಳಸಾಕಿ ಇದ್ದೆ. ನನ್ನ ಕೈಯಾಗಿಂದ ಕಸಗೊಂಡಿ ನೀ. ಮೊದಲ ಅವನ್ನ ಸಾಯಾಕ ಬಿಟ್ಟಿ, ಆಮ್ಯಾಲ ಅವನ್ನ ಉಳಸೂದನ್ನೂ ನನಗ ಬಿಡಲಿಲ್ಲ."

ಗಿರಾಕಿಗಳು ನಿಂತು ನೋಡುತ್ತಿದ್ದರು. ಸಿದ್ದಲಿಂಗವ್ವ ಮಗಳ ತೋಳು ಹಿಡಿಯಲು ಕೈಚಾಚಿದಳು, ಬೆರಳಿಗೆಲ್ಲ ಭಂಡಾರ ಮೆತ್ತಿತ್ತು. ಸಪ್ನಾ ಹಿಂದೆ ಸರಿದು, "ಇನ್ನ ನಾ ಬರೂದಿಲ್ಲ. ನೀನೂ ಬರಬ್ಯಾಡ" ಎಂದು ಬಸ್ ಸ್ಟ್ಯಾಂಡಿನ ಹಾದಿ ಹಿಡಿದಳು.

ಎರಡು ಸಾವಿರದ ಒಂಬತ್ತರಲ್ಲಿ ಸಪ್ನಾಳ ಮದುವೆ ಕಿತ್ತೂರಿನ ಒಂದು ಮನೆತನಕ್ಕೆ ಆಯಿತು. ಲಗ್ನಪತ್ರಿಕೆ ಸಿದ್ಧಾರೂಢನ ಹೆಸರಿಗೆ ಬಂತು. ಅದರಲ್ಲಿ ತಾಯಿಯ ಹೆಸರಿತ್ತು, ತಾಯಿಗೆ ಕರೆ ಇರಲಿಲ್ಲ. ಸಿದ್ದಲಿಂಗವ್ವ ಹೋಗಲಿಲ್ಲ. ತಮ್ಮನನ್ನು ಒತ್ತಾಯ ಮಾಡಿ ಕಳಿಸಿದಳು.

ಸಂಜೆ ಅವನು ಬಂದು ಅಂಗಡಿಯ ಕಟ್ಟೆಯ ಮೇಲೆ ಕುಳಿತ. ಊಟ ಚೆನ್ನಾಗಿತ್ತು ಎಂದ. ಭಾವ ಗಟ್ಟಿಮುಟ್ಟಾಗಿದ್ದಾನೆ, ಮಂಟಪದ ತುಂಬ ಅವನೇ ಓಡಾಡುತ್ತಿದ್ದ ಎಂದ. ತಾಯಿಯ ಜಾಗದಲ್ಲಿ ಸಂಗಪ್ಪನ ಹೆಂಡತಿ ನಿಂತಿದ್ದಳು ಎಂಬುದನ್ನು ಹೇಳಲೋ ಬೇಡವೋ ಎನ್ನುತ್ತಲೇ ಹೇಳಿದ.

ಸಿದ್ದಲಿಂಗವ್ವ ಪುಡಿಕೆ ಕಟ್ಟುತ್ತಲೇ ಇದ್ದಳು. "ಸಪ್ನಾ ಸೀರಿ ಯಾವ ಬಣ್ಣದ್ದ ಇತ್ತೋ?" ಎಂದಳು.

ಸಿದ್ಧಾರೂಢ ನೆನಪು ಮಾಡಿಕೊಳ್ಳಲು ನೋಡಿದ. "ಗದ್ದಲದಾಗ ಲಕ್ಷ್ಯ ಕೊಡಲಿಲ್ಲ ನೋಡ ಅಕ್ಕಾ" ಎಂದ.

ಗುಡ್ಡದಿಂದ ಇಳಿದು ಬಂದ ಹೆಂಗಸೊಬ್ಬಳು ಎರಡು ಪುಡಿಕೆ ಭಂಡಾರ ಕೇಳಿದಳು. ಸಿದ್ದಲಿಂಗವ್ವ ಎತ್ತಿ ಕೊಟ್ಟಳು.